ಎಣಿಕೆ ಸರಿಯಿದ್ದೂ ಅಂಡ ಫಲಿಸದಿದ್ದಾಗ: ವೀರ್ಯಾಣುವಿನ ಕಿಣ್ವಗಳ ಬಗ್ಗೆ ನಾಪೋಕ್ಲಿನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾಪೋಕ್ಲು ಸಮೀಪ ನಮ್ಮ ಕಾಫಿ, ಕಾಳುಮೆಣಸಿನ ತೋಟವಿದೆ. ನನಗೆ 35 ವರ್ಷ, ಹೆಂಡತಿಗೆ 31. ಮದುವೆಯಾಗಿ ಆರು ವರ್ಷವಾಯಿತು. ನನ್ನ ವೀರ್ಯ ಪರೀಕ್ಷೆಯನ್ನು ಎರಡು ಬಾರಿ ಮಾಡಿಸಿದ್ದು, ಎರಡರಲ್ಲೂ ಎಣಿಕೆ ಮಿಲಿಲೀಟರಿಗೆ 4 ಕೋಟಿಗಿಂತ ಹೆಚ್ಚು, ಚಲನೆ ಶೇ. 50ರ ಆಸುಪಾಸು, ಸರಿಯಾದ ಆಕಾರದವು ಶೇ. 5 ಎಂದು ಬಂದಿದೆ. ಹೆಂಡತಿಯ ಗರ್ಭನಾಳಗಳು ತೆರೆದಿವೆ, ಮುಟ್ಟು ಕ್ರಮವಾಗಿದೆ. ಮೂರು ಸಲ ಐಯುಐ (ತೊಳೆದ ವೀರ್ಯವನ್ನು ನೇರವಾಗಿ ಗರ್ಭಕೋಶದೊಳಗೆ ಬಿಡುವುದು) ಮಾಡಿಸಿದೆವು, ಫಲ ಸಿಗಲಿಲ್ಲ. ಕಳೆದ ವರ್ಷ ಹೊರ ಜಿಲ್ಲೆಯ ಒಂದು ಕೇಂದ್ರದಲ್ಲಿ ಐವಿಎಫ್ (ಅಂಡವನ್ನು ಹೊರತೆಗೆದು ಗಾಜಿನ ತಟ್ಟೆಯಲ್ಲಿ ವೀರ್ಯಾಣುಗಳೊಂದಿಗೆ ಬಿಡುವುದು) ಮಾಡಿಸಿದಾಗ 9 ಅಂಡಗಳು ಸಿಕ್ಕವು, ಆದರೆ ಮರುದಿನ ನೋಡಿದರೆ ಒಂದೂ ಫಲಿಸಿರಲಿಲ್ಲ. 'ನಿಮ್ಮ ವೀರ್ಯಾಣುವಿನಲ್ಲಿ ಅಂಡದ ಗೋಡೆ ಕರಗಿಸುವ ಕಿಣ್ವ ಕಡಿಮೆ ಇರಬಹುದು, ಮುಂದಿನ ಸಲ ಇಕ್ಸಿ (ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಇಡುವುದು) ಮಾಡೋಣ' ಎಂದು ವೈದ್ಯರು ಹೇಳಿದರು. ಪರಿಚಯದವರೊಬ್ಬರು ಕಿಣ್ವ ಹೆಚ್ಚಿಸುವ ಮಾತ್ರೆಗಳ ಮೂರು ತಿಂಗಳ ಪೊಟ್ಟಣ ತರಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಮನೆಯ ಹಿರಿಯರು ಹೆಂಡತಿಯ ಅಂಡವೇ ಗಟ್ಟಿ ಎನ್ನುತ್ತಾರೆ. ತೋಟಕ್ಕೆ ಔಷಧಿ ಹೊಡೆಯುವುದರಿಂದ ಹೀಗಾಯಿತೇ ಎಂಬ ಅನುಮಾನ ನನಗೆ. ಎಣಿಕೆ ಸರಿಯಿದ್ದೂ ಕಿಣ್ವ ಇಲ್ಲದಿರಲು ಸಾಧ್ಯವೇ? ಮಾತ್ರೆಯಿಂದ ಅದು ಹೆಚ್ಚುತ್ತದೆಯೇ? ಸೂಜಿಯಿಂದ ಚುಚ್ಚಿ ಫಲಿಸಿದ ಮಗುವಿಗೆ ತೊಂದರೆಯಾಗುವುದಿಲ್ಲವೇ?

ಉತ್ತರ: ಒಂಬತ್ತು ಅಂಡಗಳಲ್ಲಿ ಒಂದೂ ಫಲಿಸಲಿಲ್ಲ ಎಂಬ ದೂರವಾಣಿ ಕರೆಯನ್ನು ದಂಪತಿಗಳಿಗೆ ಮಾಡಬೇಕಾದ ಕೆಲಸ ಭ್ರೂಣ ಪ್ರಯೋಗಾಲಯದಲ್ಲಿ ನನ್ನ ಪಾಲಿಗೂ ಅನೇಕ ಸಲ ಬಂದಿದೆ. ಎರಡು ವಾರಗಳ ಚುಚ್ಚುಮದ್ದು, ಅರಿವಳಿಕೆ, ಹೊರ ಊರಿನಲ್ಲಿ ಉಳಿದುಕೊಂಡ ಖರ್ಚು ಇವೆಲ್ಲವೂ ಒಂದೇ ಮಾತಿನಲ್ಲಿ ವ್ಯರ್ಥವಾದಂತೆ ಕಾಣುವ ಆ ಬೆಳಿಗ್ಗೆ ಎಷ್ಟು ಭಾರವಾದದ್ದು ಎಂಬುದನ್ನು ನಾನು ಬಲ್ಲೆ. ನೀವು ಕೇಳಿರುವ ಪ್ರಶ್ನೆಗಳ ಕೆಳಗೆ 'ಇದು ಯಾರಿಂದಾಯಿತು' ಎಂಬ ಇನ್ನೊಂದು ಪ್ರಶ್ನೆ ಇರುವುದೂ ನನಗೆ ಕಾಣುತ್ತಿದೆ. ಅದಕ್ಕೆ ನಿಮ್ಮ ಕೈಯಲ್ಲಿರುವ ದಾಖಲೆಗಳಿಂದ ಇನ್ನೂ ಯಾರೂ ಉತ್ತರ ಹೇಳಲಾರರು. ವೈದ್ಯರು ಆಡಿದ 'ಇರಬಹುದು' ಎಂಬ ಮಾತು ಮನೆಗೆ ಬರುವಷ್ಟರಲ್ಲಿ 'ಇದೆ' ಎಂದಾಗಿದೆ, ಮಾತ್ರೆ ಮಾರುವವರ ಬಾಯಲ್ಲಿ 'ಇದೆ, ಗುಣವಾಗುತ್ತದೆ' ಎಂದಾಗಿದೆ. ಆದ್ದರಿಂದ ಮೊದಲು ಆ ಕಿಣ್ವ ಎಂದರೇನು, ಅದು ಎಲ್ಲಿರುತ್ತದೆ, ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದು ತಿಳಿದರೆ ಉಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ನೀವೇ ಉತ್ತರ ಕಂಡುಕೊಳ್ಳುತ್ತೀರಿ.

ವೀರ್ಯದ ವರದಿಯಲ್ಲಿ ಬರುವ ಕೆಲವು ಹೆಸರುಗಳಿಂದ ಗೊಂದಲವಾಗುವುದುಂಟು. ಹೊರಬಂದಾಗ ಗಟ್ಟಿಯಾಗಿರುವ ವೀರ್ಯ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ನೀರಾಗುತ್ತದೆ. ಇದನ್ನು ಮಾಡುವುದು ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಕಿಣ್ವ. ಗಂಡಸರ ಪ್ರಾಸ್ಟೇಟ್ ಕಾಯಿಲೆಯ ರಕ್ತಪರೀಕ್ಷೆಯಲ್ಲಿ ಅಳೆಯುವ ಪಿಎಸ್‌ಎ ಎಂಬುದೇ ಅದು. ಅದು ವೀರ್ಯದ ದ್ರವದಲ್ಲಿರುವ ಕಿಣ್ವ, ನಿಮ್ಮ ವೈದ್ಯರು ಹೇಳಿದ್ದು ಅದನ್ನಲ್ಲ. ಅವರು ಹೇಳಿದ್ದು ವೀರ್ಯಾಣುವಿನ ತಲೆಯೊಳಗೇ ಇರುವ ಕಿಣ್ವಗಳನ್ನು. ವೀರ್ಯಾಣುವಿನ ತಲೆಯ ಉದ್ದ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು. ಅದರ ಮುಂಭಾಗಕ್ಕೆ ಟೋಪಿ ಹಾಕಿದಂತೆ ಆಕ್ರೋಸೋಮ್ ಎಂಬ ಚೀಲವೊಂದು ಕುಳಿತಿರುತ್ತದೆ. ಹಯಲುರೊನಿಡೇಸ್, ಆಕ್ರೋಸಿನ್ ಮತ್ತಿತರ ಕಿಣ್ವಗಳು ಇರುವುದು ಈ ಚೀಲದಲ್ಲಿ ಮತ್ತು ಅದರ ಸುತ್ತಲಿನ ಪೊರೆಗಳಲ್ಲಿ. ವೃಷಣದಲ್ಲಿ ವೀರ್ಯಾಣು ರೂಪುಗೊಳ್ಳುವಾಗಲೇ ಈ ಚೀಲ ತುಂಬಿ ಮುಚ್ಚಿಹೋಗುತ್ತದೆ. ಪೂರ್ತಿ ಬೆಳೆದ ವೀರ್ಯಾಣು ಹೊಸ ಕಿಣ್ವವನ್ನು ಮಾಡಿಕೊಳ್ಳುವುದಿಲ್ಲ, ಹೊರಗಿನಿಂದ ಪಡೆದು ಚೀಲಕ್ಕೆ ತುಂಬಿಕೊಳ್ಳುವುದೂ ಇಲ್ಲ. ಮಾತ್ರೆಯ ವಿಷಯಕ್ಕೆ ಬಂದಾಗ ಈ ಮಾತನ್ನು ನೆನಪಿಸಿಕೊಳ್ಳಿ.

ವೀರ್ಯಾಣು ಹೊರಬಂದ ಕೂಡಲೇ ಅಂಡವನ್ನು ಫಲಿಸಬಲ್ಲದು ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಅದು ಹೆಣ್ಣಿನ ಜನನಾಂಗದೊಳಗೆ ಕೆಲವು ಗಂಟೆ ಕಳೆದ ಮೇಲಷ್ಟೇ ಆ ಸಾಮರ್ಥ್ಯ ಪಡೆಯುತ್ತದೆ ಎಂಬುದನ್ನು 1951ರಲ್ಲಿ ಎಂ. ಸಿ. ಚಾಂಗ್ ಮತ್ತು ಸಿ. ಆರ್. ಆಸ್ಟಿನ್ ಎಂಬಿಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಕಂಡುಹಿಡಿದರು. ಆ ಹೊತ್ತಿನಲ್ಲಿ ವೀರ್ಯಾಣುವಿನ ಪೊರೆಯಿಂದ ಕೊಲೆಸ್ಟರಾಲ್ ಕಳಚಿಕೊಳ್ಳುತ್ತದೆ, ಕ್ಯಾಲ್ಸಿಯಂ ಒಳಹೋಗುತ್ತದೆ, ಬಾಲದ ಬಡಿತದ ರೀತಿಯೇ ಬದಲಾಗಿ ಚಾಟಿ ಬೀಸಿದಂತೆ ಜೋರಾಗುತ್ತದೆ. ಐವಿಎಫ್‌ನಲ್ಲಿ ವೀರ್ಯವನ್ನು ತೊಳೆದು ಪೋಷಕ ದ್ರಾವಣದಲ್ಲಿ ಇಡುವುದು ಇದೇ ಬದಲಾವಣೆ ಗಾಜಿನ ತಟ್ಟೆಯಲ್ಲಿಯೂ ಆಗಲಿ ಎಂದು. ನಿಮ್ಮ ವರದಿಯ ಎಣಿಕೆ, ಚಲನೆ, ಆಕಾರ ಈ ಮೂರರಲ್ಲಿ ಯಾವುದೂ ಈ ಬದಲಾವಣೆಯನ್ನು ಅಳೆಯುವುದಿಲ್ಲ. ಹೂಮಳೆ ಸರಿಯಾಗಿ ಬಿದ್ದು ತೋಟವೆಲ್ಲ ಬೆಳ್ಳಗಾದ ವರ್ಷವೂ ಕಾಯಿ ಕಟ್ಟದೆ ಹೋಗುವುದನ್ನು ನೀವು ನೋಡಿರುತ್ತೀರಿ. ವೀರ್ಯ ಪರೀಕ್ಷೆ ಎಣಿಸುವುದು ಹೂವನ್ನು.

ಇನ್ನು ಅಂಡದ ಬಳಿಗೆ ಬರೋಣ. ಅಂಡವನ್ನು ಸುತ್ತುವರಿದು ಕ್ಯುಮುಲಸ್ ಎಂಬ ಸಣ್ಣ ಸಣ್ಣ ಜೀವಕೋಶಗಳ ಗುಂಪಿರುತ್ತದೆ, ಅವುಗಳ ನಡುವೆ ಹಯಲುರೊನಾನ್ ಎಂಬ ಲೋಳೆಯಂಥ ವಸ್ತು ತುಂಬಿರುತ್ತದೆ. ಪಲ್ಪರಿನಲ್ಲಿ ಸಿಪ್ಪೆ ತೆಗೆದ ಅರೇಬಿಕಾ ಬೀಜಕ್ಕೆ ಅಂಟಿದ ಲೋಳೆ ಬರಿಯ ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ, ತೊಟ್ಟಿಯಲ್ಲಿ ಒಂದು ದಿನ, ಚಳಿಯಿದ್ದರೆ ಇನ್ನೂ ಹೆಚ್ಚು ಹೊತ್ತು ಹುಳಿಯಲು ಬಿಟ್ಟಾಗ ಕಿಣ್ವಗಳು ಅದನ್ನು ಸಡಿಲಿಸುತ್ತವೆ, ಆಮೇಲೆ ಕೈಯಲ್ಲಿ ಉಜ್ಜಿದರೆ ಬೀಜ ಒರಟಾಗಿ ಸಿಗುತ್ತದೆ. ವೀರ್ಯಾಣುವಿನ ತಲೆಯ ಮೇಲಿರುವ ಹಯಲುರೊನಿಡೇಸ್ ಮಾಡುವ ಕೆಲಸವೂ ಇದೇ ಜಾತಿಯದು: ಲೋಳೆಯ ಉದ್ದನೆಯ ಸರಪಳಿಗಳನ್ನು ತುಂಡರಿಸಿ ದಾರಿಯನ್ನು ಸಡಿಲಗೊಳಿಸುತ್ತದೆ. ಇಕ್ಸಿ ಮಾಡುವಾಗ ಅಂಡದ ಸುತ್ತಲಿನ ಈ ಕೋಶಗಳನ್ನು ಬಿಡಿಸಲು ಇದೇ ಕಿಣ್ವವನ್ನು ನಾವು ಬಾಟಲಿಯಿಂದ ತೆಗೆದು ಬಳಸುತ್ತೇವೆ; ಅರ್ಧ ನಿಮಿಷ ಸಾಕು, ಹೆಚ್ಚು ಹೊತ್ತು ಬಿಟ್ಟರೆ ಅಂಡಕ್ಕೆ ಒಳ್ಳೆಯದಲ್ಲ.

ಲೋಳೆಯನ್ನು ದಾಟಿದ ಮೇಲೆ ಸಿಗುವುದು ಝೋನಾ ಪೆಲ್ಲುಸಿಡಾ ಎಂಬ ಪಾರದರ್ಶಕ ಕವಚ. ಮನುಷ್ಯರ ಅಂಡ ಬರಿಗಣ್ಣಿಗೆ ಚುಕ್ಕಿಯಂತೆ ಕಾಣಬಹುದಾದಷ್ಟು, ಅಂದರೆ ಸುಮಾರು 0.1 ಮಿಲಿಮೀಟರ್ ದೊಡ್ಡದು. ಅದರ ಸುತ್ತ ಈ ಕವಚದ ದಪ್ಪ ವೀರ್ಯಾಣುವಿನ ತಲೆಯ ಉದ್ದದ ಮೂರು ನಾಲ್ಕು ಪಟ್ಟು. ಈ ಹಾದಿಯಲ್ಲಿ ಎಲ್ಲೋ ಒಂದು ಕಡೆ ಆಕ್ರೋಸೋಮ್ ಚೀಲದ ಹೊರಪೊರೆಯೂ ವೀರ್ಯಾಣುವಿನ ಪೊರೆಯೂ ಅಲ್ಲಲ್ಲಿ ಬೆಸೆದುಕೊಂಡು ತೂತು ಬಿದ್ದು ಒಳಗಿನದ್ದು ಹೊರಬರುತ್ತದೆ. ಚೀಲದೊಳಗೆ ನಿಷ್ಕ್ರಿಯ ರೂಪದಲ್ಲಿದ್ದ ಆಕ್ರೋಸಿನ್ ಆಗ ಸಕ್ರಿಯವಾಗುತ್ತದೆ. ಶಾಲೆ ಕಾಲೇಜಿನ ಪುಸ್ತಕಗಳಲ್ಲಿ ನಾವೆಲ್ಲ ಓದಿದ ಚಿತ್ರ ಸರಳವಾಗಿತ್ತು: ಆಕ್ರೋಸಿನ್ ಕವಚವನ್ನು ಕರಗಿಸಿ ರಂಧ್ರ ಕೊರೆಯುತ್ತದೆ, ವೀರ್ಯಾಣು ಒಳಹೋಗುತ್ತದೆ. 1994ರಲ್ಲಿ ಜಪಾನಿನ ವಿಜ್ಞಾನಿಗಳು ಆಕ್ರೋಸಿನ್ ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ಬೆಳೆಸಿದಾಗ ಆ ಚಿತ್ರ ಅಲುಗಾಡಿತು. ಆ ಗಂಡಿಲಿಗಳಿಗೆ ಮರಿಗಳಾದವು. ಕವಚವನ್ನು ದಾಟುವುದು ಸ್ವಲ್ಪ ತಡವಾಯಿತು, ಅಷ್ಟೇ. ಹಯಲುರೊನಿಡೇಸ್ ಚಟುವಟಿಕೆಯ ಮುಖ್ಯ ಪ್ರೋಟೀನನ್ನು ತೆಗೆದ ಇಲಿಗಳಿಗೂ ಮುಂದೆ ಹಾಗೆಯೇ ಮರಿಗಳಾದವು. ಹಾಗಾದರೆ ಆಕ್ರೋಸಿನ್ ಬೇಕಿಲ್ಲವೇ ಎಂದರೆ ಅದೂ ಅಲ್ಲ: 2020ರಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಸಣ್ಣ ಪ್ರಾಣಿಗಳಲ್ಲಿ ಅದೇ ಜೀನನ್ನು ತೆಗೆದಾಗ ಗಂಡುಗಳು ಪೂರ್ತಿ ಬಂಜೆಯಾದವು, ಅವುಗಳ ವೀರ್ಯಾಣುಗಳು ಕವಚಕ್ಕೆ ಅಂಟಿಕೊಂಡವು, ಆದರೆ ದಾಟಲಾರದೆ ಅಲ್ಲೇ ಉಳಿದವು. ಒಂದು ಸಸ್ತನಿಯಲ್ಲಿ ಇಲ್ಲದೆಯೂ ನಡೆಯುವ ಕಿಣ್ವ ಇನ್ನೊಂದರಲ್ಲಿ ಅನಿವಾರ್ಯವಾಗಿರುವಾಗ, ಇಲಿಯಲ್ಲಿ ಕಂಡದ್ದನ್ನಾಗಲಿ ಹ್ಯಾಮ್‌ಸ್ಟರ್‌ನಲ್ಲಿ ಕಂಡದ್ದನ್ನಾಗಲಿ ನೇರವಾಗಿ ಮನುಷ್ಯರಿಗೆ ಹಚ್ಚಿ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಕವಚವನ್ನು ದಾಟಲು ಕಿಣ್ವವೂ ಬೇಕು, ಬಾಲದ ಬಲವೂ ಬೇಕು; ಯಾವುದು ಎಷ್ಟು ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ.

ಆಕ್ರೋಸೋಮ್ ಚೀಲ ಒಡೆಯುವುದರ ಇನ್ನೊಂದು ಫಲವನ್ನು ಹೇಳದಿದ್ದರೆ ಈ ವಿವರಣೆ ಅಪೂರ್ಣವಾಗುತ್ತದೆ. ಅಂಡದ ಪೊರೆಯೊಂದಿಗೆ ಬೆಸೆಯಲು ವೀರ್ಯಾಣುವಿಗೆ ಇಜುಮೊ ಎಂಬ ಪ್ರೋಟೀನ್ ಬೇಕು. 2005ರಲ್ಲಿ ಇದನ್ನು ಕಂಡುಹಿಡಿದ ಜಪಾನಿನವರು ಮದುವೆಯ ನಂಟಿಗೆ ಹೆಸರಾದ ತಮ್ಮ ನಾಡಿನ ಒಂದು ದೇಗುಲದ ಹೆಸರನ್ನು ಅದಕ್ಕಿಟ್ಟರು. ಅಂಡದ ಮೇಲಿರುವ ಅದರ ಜೋಡಿ ಪ್ರೋಟೀನ್ 2014ರಲ್ಲಿ ಸಿಕ್ಕಿತು, ಅದಕ್ಕೆ ಜೂನೊ ಎಂದು ಹೆಸರಾಯಿತು. ಈ ಇಜುಮೊ ಆಕ್ರೋಸೋಮ್ ಚೀಲದ ಒಳಗೆ ಮುಚ್ಚಿಕೊಂಡಿರುತ್ತದೆ, ಚೀಲ ಒಡೆದ ಮೇಲಷ್ಟೇ ಹೊರಗೆ ಕಾಣಿಸಿಕೊಳ್ಳುತ್ತದೆ. ಅಂದರೆ ಚೀಲ ಸರಿಯಾದ ಸಮಯಕ್ಕೆ ಒಡೆಯದಿದ್ದರೆ, ಕಿಣ್ವ ಎಷ್ಟೇ ತುಂಬಿದ್ದರೂ ವೀರ್ಯಾಣು ಅಂಡದೊಂದಿಗೆ ಸೇರಲಾರದು. 'ಕಿಣ್ವ ಕಡಿಮೆ' ಎಂಬ ಎರಡು ಪದಗಳು ಈ ಇಡೀ ಸರಣಿಯನ್ನು ಹೇಳಲಾರವು ಎಂಬುದೇ ನನ್ನ ತಕರಾರು.

ಮನೆಯ ಹಿರಿಯರ ಮಾತಿಗೂ ಇಲ್ಲಿಯೇ ಉತ್ತರಿಸುತ್ತೇನೆ. ಅಂಡದೊಳಗೂ ಕಿಣ್ವವಿದೆ. ಮೊದಲ ವೀರ್ಯಾಣು ಒಳಬಂದ ಕೂಡಲೇ ಅಂಡವು ಒವಾಸ್ಟಾಸಿನ್ ಎಂಬ ಕಿಣ್ವವನ್ನು ಹೊರಹಾಕಿ ಕವಚದ ಒಂದು ಪ್ರೋಟೀನನ್ನು ಕತ್ತರಿಸುತ್ತದೆ. ಆಗ ಕವಚ ಗಟ್ಟಿಯಾಗಿ ಎರಡನೆಯ ವೀರ್ಯಾಣುವಿಗೆ ದಾರಿ ಮುಚ್ಚುತ್ತದೆ. ಕವಚ ಗಟ್ಟಿಯಾಗುವುದು ಹೀಗೆ ಫಲಿಸಿದ ಅಂಡದ ಸಹಜ ಗುಣ. ಫಲಿಸುವ ಮೊದಲೇ ಗಟ್ಟಿಯಾಗುವುದು ಹೆಪ್ಪುಗಟ್ಟಿಸಿ ಇಟ್ಟ ಅಂಡಗಳಲ್ಲಿ ಉಂಟು, ಕವಚದ ಜೀನುಗಳಲ್ಲಿ ದೋಷವಿರುವ ಮಹಿಳೆಯರೂ ಅಪರೂಪಕ್ಕೆ ಇದ್ದಾರೆ. ಆದರೆ ನಿಮ್ಮ ಹೆಂಡತಿಯ ಅಂಡ ಗಟ್ಟಿ ಎಂದು ಹೇಳಲು ಈವರೆಗೆ ಯಾವ ಆಧಾರವೂ ಇಲ್ಲ, ನಿಮ್ಮ ಕಿಣ್ವ ಕಡಿಮೆ ಎನ್ನಲು ಹೇಗೆ ಆಧಾರವಿಲ್ಲವೋ ಹಾಗೆಯೇ. ಈ ಮಾತು ಮದುವೆ ಮನೆಗಳಲ್ಲಿ, ನಾಮಕರಣಗಳಲ್ಲಿ ಅವರ ಕಿವಿಗೆ ಬೀಳುತ್ತಿದ್ದರೆ ಅದನ್ನು ನಿಲ್ಲಿಸಬೇಕಾದವರು ನೀವು ಎಂದು ಕೇಳಿಕೊಳ್ಳುತ್ತೇನೆ.

ಈಗ ನಿಮ್ಮ ಮೊದಲ ಪ್ರಶ್ನೆ. ಎಣಿಕೆ ಸರಿಯಿದ್ದೂ ಆಕ್ರೋಸೋಮ್‌ನಲ್ಲಿ ದೋಷವಿರಲು ಸಾಧ್ಯವೇ ಎಂದರೆ, ಸಾಧ್ಯ. ಅತ್ಯಂತ ಸ್ಪಷ್ಟವಾದ ರೂಪದಲ್ಲಿ ಚೀಲವೇ ಇರುವುದಿಲ್ಲ, ತಲೆ ಮೊಟ್ಟೆಯಾಕಾರದಲ್ಲಿರದೆ ಗುಂಡಗಿರುತ್ತದೆ. ಇದು ಬಹಳ ಅಪರೂಪ, ಹೆಚ್ಚಿನವರಲ್ಲಿ ಒಂದು ನಿರ್ದಿಷ್ಟ ಜೀನಿನ ತುಂಡು ಕಳೆದುಹೋಗಿರುವುದರಿಂದ ಬರುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮ ವರದಿಯಲ್ಲಿ ಶೇ. 5 ಸರಿಯಾದ ಆಕಾರದವು ಎಂದಿರುವುದರಿಂದ ಅದರ ಪೂರ್ಣ ರೂಪ ನಿಮಗಿಲ್ಲ. ಶೇ. 5 ಎಂದರೆ ಹೆದರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಶೇ. 4, ಎಣಿಕೆಗೆ ಮಿಲಿಲೀಟರಿಗೆ 1.6 ಕೋಟಿ, ಒಟ್ಟು ಚಲನೆಗೆ ಶೇ. 42. ಇದಲ್ಲದೆ ಚೀಲವಿದ್ದೂ ಒಡೆಯದಿರುವುದು, ಬಾಲದ ಕ್ಯಾಟ್‌ಸ್ಪರ್ ಎಂಬ ಕ್ಯಾಲ್ಸಿಯಂ ದ್ವಾರ ಕೆಲಸ ಮಾಡದೆ ಚಾಟಿಯಂಥ ಬಡಿತ ಹುಟ್ಟದಿರುವುದು, ವೀರ್ಯಾಣುವಿಗೆ ದೇಹವೇ ಪ್ರತಿಕಾಯ ತಯಾರಿಸಿ ಅದು ಕವಚಕ್ಕೆ ಅಂಟದಂತೆ ಮಾಡುವುದು ಹೀಗೆ ಎಣಿಕೆಯಲ್ಲಿ ಕಾಣಿಸದ ಕಾರಣಗಳಿವೆ. ಆಕ್ರೋಸಿನ್ ಚಟುವಟಿಕೆ ಅಳೆಯುವ, ಆಕ್ರೋಸೋಮ್ ಒಡೆಯುವುದನ್ನು ಬಣ್ಣಹಾಕಿ ನೋಡುವ ಪರೀಕ್ಷೆಗಳೂ ಇವೆ. ಆದರೆ ಅವು ದಿನನಿತ್ಯದ ಪರೀಕ್ಷೆಗಳಲ್ಲ, ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಫಲಿತಾಂಶ ಬದಲಾಗುತ್ತದೆ, ಬಂದ ಉತ್ತರದಿಂದ ಮುಂದಿನ ಚಿಕಿತ್ಸೆ ಬದಲಾಗುವುದೂ ಅಪರೂಪ. ಆದ್ದರಿಂದ ಅವುಗಳಿಗಾಗಿ ಬೆಂಗಳೂರಿಗೆ ಓಡಾಡಿ ಹಣ ಕಳೆಯಿರಿ ಎಂದು ನಾನು ಹೇಳುವುದಿಲ್ಲ.

ಅದಕ್ಕಿಂತ ಬಹಳ ಬೆಲೆಯುಳ್ಳ ಮಾಹಿತಿ ಆ ಐವಿಎಫ್ ಕೇಂದ್ರದ ಕಡತದಲ್ಲಿ ಆಗಲೇ ಇದೆ, ಅದನ್ನು ಪಡೆಯಲು ನಿಮಗೆ ಖರ್ಚೂ ಇಲ್ಲ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಹೊಳೆದ ಪ್ರಶ್ನೆ, ಆ 9 ಅಂಡಗಳಲ್ಲಿ ಪ್ರೌಢವಾದವು ಎಷ್ಟು ಎಂಬುದು. ಹೊರತೆಗೆದ ಅಂಡಗಳೆಲ್ಲವೂ ಮಾಗಿರುವುದಿಲ್ಲ; ಪ್ರೌಢವಾದದ್ದು ಎರಡೋ ಮೂರೋ ಆಗಿದ್ದರೆ 'ಒಂಬತ್ತರಲ್ಲಿ ಒಂದೂ ಫಲಿಸಲಿಲ್ಲ' ಎಂಬ ಮಾತಿನ ಅರ್ಥವೇ ಬೇರೆಯಾಗುತ್ತದೆ, ಮುಂದಿನ ಸಲ ಚುಚ್ಚುಮದ್ದಿನ ಪ್ರಮಾಣ ಅಥವಾ ಕೊನೆಯ ಚುಚ್ಚುಮದ್ದಿನ ಸಮಯ ಬದಲಿಸಿದರೆ ಸಾಕಾಗಬಹುದು. ಅಂಡಗಳೊಂದಿಗೆ ವೀರ್ಯಾಣು ಬಿಟ್ಟು 16ರಿಂದ 18 ಗಂಟೆಗಳ ನಂತರ ಭ್ರೂಣತಜ್ಞರು ಸುತ್ತಲಿನ ಕೋಶಗಳನ್ನು ಬಿಡಿಸಿ ಪ್ರತಿ ಅಂಡವನ್ನೂ ನೋಡಿರುತ್ತಾರೆ. ಆಗ ಕವಚದ ಮೇಲೆ ವೀರ್ಯಾಣುಗಳು ಅಂಟಿಕೊಂಡಿದ್ದವೇ ಎಂದು ಕೇಳಿ. ಒಂದೂ ಅಂಟಿರದಿದ್ದರೆ ಸಮಸ್ಯೆ ಅಂಟುವ ಹಂತದ್ದು, ಅಂದರೆ ಸಾಮರ್ಥ್ಯ ಪಡೆಯುವುದರಲ್ಲಿಯೋ ಪ್ರತಿಕಾಯಗಳಲ್ಲಿಯೋ ಕವಚದಲ್ಲಿಯೋ ಇರಬಹುದು. ಬೇಕಾದಷ್ಟು ಅಂಟಿದ್ದೂ ಒಂದೂ ಒಳಹೋಗಿರದಿದ್ದರೆ ಆಗ ಆಕ್ರೋಸೋಮ್ ಮತ್ತು ಕಿಣ್ವಗಳ ಮೇಲೆ, ಜೊತೆಗೆ ಬಾಲದ ಬಲ ಮತ್ತು ಕವಚದ ಮೇಲೆ ಅನುಮಾನಪಡಲು ಕಾರಣವಿದೆ. ಒಳಗೆ ಹೋಗಿದ್ದೂ ಅಂಡ ಎಚ್ಚೆತ್ತಿರದಿದ್ದರೆ ಅದು ಮೂರನೆಯದೇ ಸಮಸ್ಯೆ: ವೀರ್ಯಾಣು ಹೊತ್ತು ತರುವ ಪಿಎಲ್‌ಸಿ ಝೀಟಾ ಎಂಬ ಇನ್ನೊಂದು ಕಿಣ್ವ ಅಂಡದೊಳಗೆ ಕ್ಯಾಲ್ಸಿಯಂ ಅಲೆಗಳನ್ನು ಎಬ್ಬಿಸಿ ಅದನ್ನು ಎಚ್ಚರಿಸಬೇಕು, ಅದು ಆಗಿಲ್ಲ ಎಂದರ್ಥ. ಈ ಕೊನೆಯದು ಇದ್ದರೆ ಇಕ್ಸಿ ಮಾತ್ರದಿಂದ ಪರಿಹಾರ ಸಿಗುವುದಿಲ್ಲ ಎಂಬುದರಿಂದ ಈ ಪ್ರಶ್ನೆಯನ್ನು ಕೇಳದೆ ಮುಂದಿನ ಚಿಕಿತ್ಸೆಗೆ ಹಣ ಕಟ್ಟಬೇಡಿ. ದಾಖಲೆಯ ಪ್ರತಿ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಆ ದಿನ ಕೊಟ್ಟ ಮಾದರಿಯ ಎಣಿಕೆ, ಚಲನೆ ಎಷ್ಟಿತ್ತು ಎಂಬುದನ್ನೂ ನೋಡಿ. ಹಿಂದಿನ ತಿಂಗಳುಗಳಲ್ಲಿ ಜ್ವರ ಬಂದಿದ್ದರೆ ಅದೊಂದೇ ಮಾದರಿ ಕೆಡಲು ಸಾಕು.

ಇಲ್ಲಿ ಕೊಡಗಿನವರಿಗೆಂದೇ ಒಂದು ಮಾತು. ಮನೆಯಲ್ಲಿ ಮಾದರಿ ತೆಗೆದು ಪೇಟೆಗೆ ಒಯ್ಯುವವರು ನಮ್ಮಲ್ಲಿ ಹೆಚ್ಚು. ಮಳೆಗಾಲದಲ್ಲಿ ನಾಪೋಕ್ಲಿನಿಂದ ಮಡಿಕೇರಿಗೆ ತಿರುವು ರಸ್ತೆಯಲ್ಲಿ ಹೋಗುವಷ್ಟರಲ್ಲಿ ಡಬ್ಬಿ ತಣ್ಣಗಾಗಿರುತ್ತದೆ, ಎಷ್ಟೋ ಸಲ ಒಂದು ಗಂಟೆಯ ಗಡುವೂ ಮೀರಿರುತ್ತದೆ. ಹೀಗೆ ಬಂದ ವರದಿಯಲ್ಲಿ ಚಲನೆ ಕಡಿಮೆ ಕಂಡರೆ ಅದು ವೀರ್ಯಾಣುವಿನ ದೋಷವೆಂದು ತಿಳಿಯಬಾರದು. ಪ್ರಯೋಗಾಲಯದಲ್ಲಿಯೇ ಮಾದರಿ ಕೊಡುವುದು ಉತ್ತಮ, ಆಗದಿದ್ದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು ಬೇಗ ಒಯ್ಯಬೇಕು.

ಮಾತ್ರೆಯ ವಿಷಯದಲ್ಲಿ ನಾನು ನೇರವಾಗಿಯೇ ಹೇಳುತ್ತೇನೆ: ಕೊಳ್ಳಬೇಡಿ. ಬಾಯಿಂದ ತೆಗೆದುಕೊಂಡ ಕಿಣ್ವ ಪ್ರೋಟೀನೇ ಆದ್ದರಿಂದ ಹೊಟ್ಟೆಯಲ್ಲಿ ಬೇಳೆ, ಮಾಂಸದಂತೆಯೇ ಜೀರ್ಣವಾಗಿ ತುಂಡಾಗುತ್ತದೆ; ಅದು ಇಡಿಯಾಗಿ ರಕ್ತಕ್ಕೆ ಸೇರಿ, ವೃಷಣವನ್ನು ತಲುಪಿ, ರೂಪುಗೊಳ್ಳುತ್ತಿರುವ ವೀರ್ಯಾಣುವಿನ ಮುಚ್ಚಿದ ಚೀಲದೊಳಗೆ ಹೋಗಿ ಕೂರುವ ದಾರಿಯೇ ಇಲ್ಲ. ಪಪ್ಪಾಯಿ, ಅನಾನಸಿನಲ್ಲಿ ಕಿಣ್ವವಿದೆ ಎಂದು ತಿನ್ನಿಸುವುದಕ್ಕೂ ಇದೇ ಉತ್ತರ. ಹಣ್ಣು ತಿನ್ನಿ, ಒಳ್ಳೆಯದು, ಕಿಣ್ವಕ್ಕಾಗಿ ಅಲ್ಲ. ಕೊಡಗಿನ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿದಾಗ ಇದು ಮಕ್ಕಳಾಗಲೂ ಮದ್ದು ಎನ್ನುವವರಿದ್ದಾರೆ. ಅದು ನಮ್ಮ ಮಳೆಗಾಲದ ಊಟ, ಸಂತೋಷದಿಂದ ಉಣ್ಣಿ; ಮರುದಿನ ಮೂತ್ರಕ್ಕೆ ಬಣ್ಣ ಬಂದರೆ ಅದು ಸೊಪ್ಪಿನ ಬಣ್ಣ, ಅದು ವೀರ್ಯದ ಮೇಲೆ ಕೆಲಸ ಮಾಡಿದ ಗುರುತಲ್ಲ. ಸತು ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ವೈದ್ಯರೂ ಬರೆದುಕೊಡುವುದುಂಟು. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಗಂಡಸರಿಗೆ ಇವೆರಡನ್ನು ಆರು ತಿಂಗಳು ಕೊಟ್ಟಾಗ ಎಣಿಕೆ, ಚಲನೆಯೂ ಉತ್ತಮಗೊಳ್ಳಲಿಲ್ಲ, ಹುಟ್ಟಿದ ಮಕ್ಕಳ ಪ್ರಮಾಣವೂ ಹೆಚ್ಚಲಿಲ್ಲ. ಇದೆಲ್ಲಕ್ಕಿಂತ ನನಗೆ ಭಯವಿರುವುದು ಹೆಸರಿಲ್ಲದ ಪೊಟ್ಟಣಗಳ ಬಗ್ಗೆ. ಅವುಗಳಲ್ಲಿ ಟೆಸ್ಟೊಸ್ಟಿರಾನ್ ಬೆರೆತಿದ್ದರೆ, ಮೆದುಳಿನಿಂದ ವೃಷಣಕ್ಕೆ ಹೋಗುವ ಸಂಕೇತ ನಿಂತು, ಇದ್ದ 4 ಕೋಟಿಯೂ ಶೂನ್ಯಕ್ಕೆ ಇಳಿಯಬಹುದು. ದೇಹ ಬೆಳೆಸಲು ಚುಚ್ಚುಮದ್ದು ತೆಗೆದುಕೊಂಡ ಯುವಕರಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಲ್ಲಿಸಿದ ಮೇಲೆ ಮರಳಿ ಬರಲು ತಿಂಗಳುಗಳೇ ಬೇಕಾಯಿತು.

ತೋಟದ ಔಷಧಿಯ ಬಗ್ಗೆ ನಿಮ್ಮ ಅನುಮಾನ ಅರ್ಥವಿಲ್ಲದ್ದೇನಲ್ಲ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದಲ್ಲಿ ತಾಮ್ರವಿದೆ, ತಾಮ್ರ ವೀರ್ಯಾಣುವಿಗೆ ವಿಷ. ಗರ್ಭಕೋಶದಲ್ಲಿಡುವ ಕಾಪರ್-ಟಿ ಕೆಲಸ ಮಾಡುವುದು ಮುಖ್ಯವಾಗಿ ಅದರಿಂದಲೇ. ಆದರೆ ಅಲ್ಲಿ ತಾಮ್ರ ನೇರವಾಗಿ ವೀರ್ಯಾಣುವಿಗೆ ತಾಗುತ್ತದೆ. ತೋಟದಲ್ಲಿ ಮೈಮೇಲೆ ಬಿದ್ದ ದ್ರಾವಣ ವೃಷಣದೊಳಗೆ ಹಾಗೆ ಸೇರುವುದಿಲ್ಲ. ಕಾಂಡಕೊರಕಕ್ಕೆ ಬಳಸುವ ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. ಅವುಗಳೊಂದಿಗೆ ಕೆಲಸ ಮಾಡುವವರಲ್ಲಿ ವೀರ್ಯದ ಗುಣಮಟ್ಟ ಕಡಿಮೆ ಕಂಡ ಅಧ್ಯಯನಗಳು ಹಲವಿವೆ. ಆದರೂ ಅಲ್ಲಿ ಕಾಣುವುದು ಸಾಮಾನ್ಯವಾಗಿ ಎಣಿಕೆ, ಚಲನೆಗಳ ಇಳಿಕೆ. ನಿಮ್ಮಲ್ಲಿ ಅವೆರಡೂ ಸರಿಯಿವೆ. ಆದ್ದರಿಂದ ಕಳೆದ ವರ್ಷದ ವೈಫಲ್ಯಕ್ಕೆ ತೋಟವೇ ಕಾರಣ ಎಂದು ನಾನು ಹೇಳಲಾರೆ. ಕೈಗವಸು, ಮುಖಗವಸು, ಉದ್ದ ತೋಳಿನ ಅಂಗಿ ಇಲ್ಲದೆ ಆ ಕೆಲಸಕ್ಕೆ ಇಳಿಯಬೇಡಿ, ಚಿಕಿತ್ಸೆಗೆ ಮುಂಚಿನ ಮೂರು ತಿಂಗಳು ಬೇರೆಯವರಿಗೆ ವಹಿಸಿ ಎಂದಷ್ಟೇ ಹೇಳಬಲ್ಲೆ, ಹಾಗೆ ವಹಿಸಿಕೊಂಡವರಿಗೂ ಅದೇ ರಕ್ಷಣೆ ಬೇಕು. ಮದ್ಯದ ಬಗ್ಗೆ ನೀವು ಬರೆದಿಲ್ಲ. ಹಬ್ಬ ಮದುವೆಗಳಲ್ಲಿ ಕುಡಿಯುವುದು ಬೇರೆ, ದಿನವೂ ಕುಡಿಯುವುದು ಬೇರೆ. ಎರಡನೆಯದಾಗಿದ್ದರೆ ಬಿಡಿ, ಹೊಗೆಸೊಪ್ಪನ್ನೂ ಬಿಡಿ.

ಮುಂದಿನ ದಾರಿಗಳ ಬಗ್ಗೆ. ಐವಿಎಫ್ ಚಕ್ರಗಳಲ್ಲಿ ನೂರಕ್ಕೆ 5ರಿಂದ 10ರಲ್ಲಿ ಒಂದೂ ಅಂಡ ಫಲಿಸದಿರುವುದು ಎಲ್ಲೆಡೆ ಕಂಡುಬಂದಿರುವ ಸಂಗತಿ, ಅವರಲ್ಲಿ ಕೆಲವರಿಗೆ ಎರಡನೆಯ ಸಲ ಅದೇ ವಿಧಾನದಲ್ಲಿಯೇ ಫಲಿಸುವುದೂ ಉಂಟು. ಆದರೂ ಮತ್ತೆ ಎಲ್ಲ ಅಂಡಗಳನ್ನೂ ಅದೇ ವಿಧಾನಕ್ಕೆ ಒಡ್ಡುವುದು ದೊಡ್ಡ ಅಪಾಯ. ಅದನ್ನು ನಾನು ಸೂಚಿಸುವುದಿಲ್ಲ. ಅಂಡಗಳು ಸಾಕಷ್ಟಿದ್ದರೆ ಅರ್ಧಕ್ಕೆ ಮಾಮೂಲಿ ಐವಿಎಫ್, ಅರ್ಧಕ್ಕೆ ಇಕ್ಸಿ ಮಾಡುವುದುಂಟು. ಇದರಿಂದ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ, ಆದರೆ ಆ ತಿಳಿವಳಿಕೆಗಾಗಿ ಅರ್ಧ ಅಂಡಗಳನ್ನು ಪಣಕ್ಕಿಡಬೇಕು. ಮೊದಲ ಸಲ ಅಂಟಿಯೂ ಒಳಹೋಗದಿದ್ದದ್ದು ದಾಖಲಾಗಿದ್ದರೆ ಎಲ್ಲ ಪ್ರೌಢ ಅಂಡಗಳಿಗೂ ಇಕ್ಸಿ ಮಾಡುವುದೇ ಸರಿ. ನಿಮ್ಮ ವೈದ್ಯರ ಸಲಹೆ ಈ ಮಟ್ಟಿಗೆ ತಪ್ಪಲ್ಲ.

1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಇಕ್ಸಿಯಿಂದಾದ ಮೊದಲ ಗರ್ಭಧಾರಣೆಗಳನ್ನು ವರದಿ ಮಾಡಿದರು. ಒಂದು ವೀರ್ಯಾಣುವನ್ನು ಆರಿಸಿ, ಬಾಲವನ್ನು ಒತ್ತಿ ನಿಶ್ಚಲಗೊಳಿಸಿ, ಗಾಜಿನ ಸೂಜಿಯಿಂದ ಅಂಡದೊಳಗೆ ಇಡುವುದರಿಂದ ಲೋಳೆ, ಕವಚ, ಪೊರೆ ಮೂರನ್ನೂ ದಾಟಬೇಕಾದ ಅಗತ್ಯವೇ ಇರುವುದಿಲ್ಲ. ಪ್ರೌಢ ಅಂಡಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 70ರ ಆಸುಪಾಸು ಫಲಿಸುತ್ತವೆ, ಕೆಲವು ಅಂಡಗಳು ಸೂಜಿಯ ಪೆಟ್ಟಿಗೆ ಹಾಳಾಗುತ್ತವೆ. ಇಕ್ಸಿಯಲ್ಲಿಯೂ ನೂರಕ್ಕೆ 1ರಿಂದ 3 ಚಕ್ರಗಳಲ್ಲಿ ಒಂದೂ ಫಲಿಸುವುದಿಲ್ಲ. ಅಂಡ ಎಚ್ಚರಗೊಳ್ಳದಿರುವುದು ಅಲ್ಲಿ ಸಾಮಾನ್ಯ ಕಾರಣ. ಆಗ ಕ್ಯಾಲ್ಸಿಯಂ ಅಯನೋಫೋರ್ ಎಂಬ ದ್ರಾವಣದಿಂದ ಅಂಡವನ್ನು ಎಚ್ಚರಿಸುತ್ತಾರೆ. ಇದನ್ನು ಎಲ್ಲರಿಗೂ ಬಳಸಬಾರದು, ಕಾರಣ ಕಂಡವರಿಗೆ ಮಾತ್ರ.

ಮಗುವಿನ ಬಗ್ಗೆ ನಿಮ್ಮ ಭಯಕ್ಕೆ ತೆರೆದ ಉತ್ತರ ಕೊಡುತ್ತೇನೆ. ಸಹಜವಾಗಿ ಆಕ್ರೋಸೋಮ್‌ನ ಕಿಣ್ವಗಳು ಅಂಡದ ಹೊರಗೇ ಉಳಿಯುತ್ತವೆ; ಇಕ್ಸಿಯಲ್ಲಿ ಚೀಲದ ಸಮೇತ ಒಳಗೆ ಹೋಗುತ್ತವೆ. ಇದನ್ನು ವಿಜ್ಞಾನಿಗಳು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹ್ಯಾಮ್‌ಸ್ಟರ್‌ನಂತೆ ಬಹಳ ದೊಡ್ಡ ಆಕ್ರೋಸೋಮ್ ಇರುವ ವೀರ್ಯಾಣುಗಳನ್ನು ಇಲಿಯ ಅಂಡಕ್ಕೆ ಚುಚ್ಚಿದಾಗ ಅಂಡ ಹಾಳಾದದ್ದನ್ನು 2005ರಲ್ಲಿ ಯಾನಗಿಮಾಚಿ ಎಂಬ ವಿಜ್ಞಾನಿಯ ತಂಡ ತೋರಿಸಿತು. ಮನುಷ್ಯರ ಆಕ್ರೋಸೋಮ್ ಚಿಕ್ಕದು, ಚುಚ್ಚುವುದು ಒಂದೇ ವೀರ್ಯಾಣುವನ್ನು, 30 ವರ್ಷಗಳಿಗಿಂತ ಹೆಚ್ಚು ಕಾಲದಿಂದ ಈ ವಿಧಾನದಲ್ಲಿ ಹುಟ್ಟಿದ ಮಕ್ಕಳು ಲಕ್ಷಾಂತರ. ಹುಟ್ಟಿನಿಂದ ಬರುವ ಅಂಗದೋಷಗಳ ಪ್ರಮಾಣ ಈ ಮಕ್ಕಳಲ್ಲಿ ಸಹಜ ಗರ್ಭದ ಮಕ್ಕಳಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಒಂದು ಭಾಗ ವಿಧಾನದ್ದಲ್ಲ, ತಂದೆತಾಯಿಯರ ಬಂಜೆತನಕ್ಕೆ ಕಾರಣವಾದ ಸಂಗತಿಗಳದ್ದು. ಆದ್ದರಿಂದ ಗರ್ಭ ನಿಂತ ಮೇಲೆ 18ರಿಂದ 20 ವಾರಗಳ ವಿವರವಾದ ಸ್ಕ್ಯಾನ್ ತಪ್ಪಿಸಬೇಡಿ. ನಿಮ್ಮಲ್ಲಿ ನಿಜವಾಗಿಯೂ ಜೀನಿನ ದೋಷವಿದ್ದರೆ ಅದು ಮುಂದಿನ ಪೀಳಿಗೆಗೆ ಹೋಗಬಹುದು. ಗುಂಡುತಲೆಯ ದೋಷದಂಥವು ತಾಯಿಯಿಂದಲೂ ತಂದೆಯಿಂದಲೂ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ನಿಮ್ಮ ಪೋಷಕರು ಅಥವಾ ನೀವಿಬ್ಬರು ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಚಿಕಿತ್ಸೆಯ ಇನ್ನೆರಡು ಅಪಾಯಗಳು ನಿಮ್ಮ ಹೆಂಡತಿಯವು: ಅಂಡಾಶಯ ಅತಿಯಾಗಿ ಊದಿಕೊಳ್ಳುವುದು ಮತ್ತು ಅವಳಿ ಗರ್ಭ. 31ರ ವಯಸ್ಸಿನಲ್ಲಿ ಒಂದೇ ಭ್ರೂಣವನ್ನು ಇಡಿಸಿಕೊಳ್ಳುವುದು ಎರಡನೆಯದನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಇಕ್ಸಿಯೂ ಫಲಿಸದಿದ್ದರೆ ದಾನಿಯ ವೀರ್ಯ, ದತ್ತು ಎಂಬ ದಾರಿಗಳಿವೆ. ಅವುಗಳ ಮಾತು ಈಗಲೇ ಬೇಡ, ನೀವಿಬ್ಬರೂ ಬಯಸಿದಾಗ ಬರೆಯಿರಿ. ಯಾವ ಕೇಂದ್ರಕ್ಕೆ ಹೋದರೂ ಅದು 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ. ಭ್ರೂಣತಜ್ಞರೊಂದಿಗೆ ಹತ್ತು ನಿಮಿಷ ಮಾತಾಡಲು ಅವಕಾಶ ಕೊಡುತ್ತಾರೆಯೇ ಎಂಬುದನ್ನೂ ಕೇಳಿ, ಏಕೆಂದರೆ ಮೇಲಿನ ಪ್ರಶ್ನೆಗಳಿಗೆ ಉತ್ತರ ಇರುವುದು ಅಂಡವನ್ನು ಕಣ್ಣಿಂದ ಕಂಡವರ ಬಳಿ.

ಕೊನೆಯದಾಗಿ ಸಮಯದ ಲೆಕ್ಕ. ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ, ಆಮೇಲೆ ಹೊರದಾರಿಯ ನಾಳದಲ್ಲಿ ಪಕ್ವವಾಗಲು ಇನ್ನೊಂದೆರಡು ವಾರ ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲಿನ ಔಷಧಿ ಸಿಂಪಡಣೆಯನ್ನು ಈ ಸಲ ಬೇರೆಯವರಿಗೆ ವಹಿಸಿದರೆ, ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಹಣ್ಣಾಗುವ ಹೊತ್ತಿಗೆ ನೀವು ಕೊಡುವ ಮಾದರಿ ಪೂರ್ತಿಯಾಗಿ ಅದರ ನಂತರ ಹುಟ್ಟಿದ ವೀರ್ಯಾಣುಗಳದ್ದಾಗಿರುತ್ತದೆ. ಅಷ್ಟರೊಳಗೆ ಹಳೆಯ ಕೇಂದ್ರದಿಂದ ದಾಖಲೆಗಳ ಪ್ರತಿ ತರಿಸಿಕೊಳ್ಳಿ, ಪ್ರೌಢ ಅಂಡಗಳ ಸಂಖ್ಯೆಯನ್ನು ಮತ್ತು ಕವಚಕ್ಕೆ ವೀರ್ಯಾಣು ಅಂಟಿತ್ತೇ ಎಂಬುದನ್ನು ನನಗೆ ಬರೆದು ತಿಳಿಸಿ. ಹಾಗೆ ತಿಳಿಸಿದರೆ ಎಲ್ಲ ಅಂಡಗಳಿಗೂ ಇಕ್ಸಿಯೇ, ಅರ್ಧಕ್ಕೆ ಸಾಕೇ ಎಂಬುದನ್ನು ಖಚಿತವಾಗಿ ಹೇಳುತ್ತೇನೆ.